ಒಂದು ಉಗಾದಿ ಕಳೆದ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಗೋಡೆಗೆ ಯಾರೋ ಒಂದು ಕಾಗದದ ಜಿರಾಫೆ ಅಂಟಿಸಿದ್ದರು. ಅದರ ಕತ್ತಿನುದ್ದಕ್ಕೂ ಸೆಂಟಿಮೀಟರಿನ ಗೀಟುಗಳು. ಮಕ್ಕಳ ಆರೋಗ್ಯ ತಪಾಸಣೆಯ ದಿನ ಅದು. ಎರಡನೇ ಮಹಡಿಯ ತಾಯಿಯೊಬ್ಬಳು ತನ್ನ ಮಗನನ್ನು ಜಿರಾಫೆಗೆ ಆನಿಸಿ ನಿಲ್ಲಿಸಿ, ನರ್ಸ್ ಅತ್ತ ತಿರುಗಿದ ಗಳಿಗೆಯಲ್ಲಿ ಅವನ ಹಿಮ್ಮಡಿಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತಿದಳು. ಪಕ್ಕದ ಮನೆಯ ಮಗುವಿಗಿಂತ ಇವನು ಎರಡು ಬೆರಳು ಗಿಡ್ಡ. ಪಾಪ, ಅವಳಿಗೆ ಅದೇ ಒಂದು ಕೊರಗು. ನಾನು ಮೇಜಿನ ಹಿಂದೆ ರಿಜಿಸ್ಟರ್ ಹಿಡಿದು ಕೂತಿದ್ದೆ. ಕಂಡೂ ಕಾಣದವಳಂತೆ ಅಂಕಿ ಬರೆಯಲು ಹೊರಟವಳಿಗೆ ಯಾಕೋ ಕೈ ಓಡಲಿಲ್ಲ.

ರಿಜಿಸ್ಟರ್ ನನ್ನ ಕೈಗೆ ಬಂದದ್ದಕ್ಕೆ ಕಾರಣವಿದೆ. ಈ ಸಮುಚ್ಚಯದಲ್ಲಿ ನನ್ನನ್ನು ಎಲ್ಲರೂ ‘ಸರ್ವೆ ಮೇಡಂ’ ಅನ್ನುತ್ತಾರೆ. ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ ಬೆಂಗಳೂರಿಗೆ ಬಂದು, ಇಪ್ಪತ್ತು ವರ್ಷ ಆ ವಿದ್ಯೆಯನ್ನು ಇಡ್ಲಿಗೆ ಎಷ್ಟು ಅಕ್ಕಿಗೆ ಎಷ್ಟು ಉದ್ದು ಎನ್ನುವುದಕ್ಕಷ್ಟೇ ಬಳಸಿದವಳು ನಾನು. ಪೀಣ್ಯದಲ್ಲಿ ನಮ್ಮೆಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರುವುದು ಬೇಸರವಾಗಿ, ಒಂದು ಸಮೀಕ್ಷಾ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿ ಸೇರಿಕೊಂಡೆ. ಪದವಿಯ ಹೆಸರು ದೊಡ್ಡದು. ಕೆಲಸ ಮಾತ್ರ ಮನೆಮನೆಯ ಬಾಗಿಲು ತಟ್ಟಿ ನಾಯಿ ಕೈಲಿ ಬೊಗಳಿಸಿಕೊಳ್ಳುವುದು.

ದೇಶಗಳನ್ನು ಪಕ್ಕಪಕ್ಕ ನಿಲ್ಲಿಸಿ ಯಾವುದು ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಎಂದು ಹೇಳುವ ಪಟ್ಟಿಗಳಿವೆಯಲ್ಲ, ಅಂಥದೊಂದು ಪಟ್ಟಿಗೆ ನಾವು ಅಂಕಿ ಒದಗಿಸುವವರು. ಪ್ರತಿ ಸಲ ಪಟ್ಟಿ ಬಂದಾಗಲೂ ಟೀವಿಯಲ್ಲಿ ಹಾಡಿದ್ದೇ ಹಾಡೋ ಕಿಸಬಾಯಿದಾಸ. ಒಬ್ಬರು ನೆರೆದೇಶದವರೂ ನಮಗಿಂತ ಮೇಲೆ ಹೋದರಲ್ಲ ಎಂದು ಎದೆ ಬಡಿದುಕೊಳ್ಳುತ್ತಾರೆ, ಇನ್ನೊಬ್ಬರು ಇದೆಲ್ಲ ಪರದೇಶದವರ ಕುತಂತ್ರ, ಅವರ ಅಳತೆಯೇ ಸರಿಯಿಲ್ಲ ಎಂದು ಮೇಜು ಗುದ್ದುತ್ತಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲೂ ಆ ದಿನ ಹಬ್ಬ. ಹಿಂದೆಲ್ಲ ನಾನೂ ಅದರಲ್ಲಿ ಮೂಗು ತೂರಿಸುತ್ತಿದ್ದೆ. ಎಲ್ಲರ ಮನೆ ದೋಸೆಯೂ ತೂತು, ನಮ್ಮ ಮನೆ ಕಾವಲಿಯೇ ತೂತು ಎಂದು ಬರೆದು ಹತ್ತು ಜನರ ನಗು ಗಿಟ್ಟಿಸಿಕೊಂಡದ್ದು ನೆನಪಿದೆ. ಈಗ ಪಟ್ಟಿ ಬಂದ ದಿನ ಫೋನ್ ಮಗುಚಿ ಇಡುತ್ತೇನೆ.

ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ನಮಗೆ ತರಬೇತಿ ಕೊಟ್ಟರು. ದಿನಾ ಮಧ್ಯಾಹ್ನ ಪನೀರ್, ಗುಲಾಬ್ ಜಾಮೂನು. ತಿಂದು ಬಂದು ತೂಕಡಿಸುತ್ತ ಅಪೌಷ್ಟಿಕತೆಯ ಪಾಠ ಕೇಳುತ್ತಿದ್ದೆವು. ಪಾಠ ಮಾಡಿದವರು ಒಂದು ಮಾತು ಹೇಳಿದರು: ಆದಾಯ ಎಷ್ಟು ಎಂದು ಕೇಳಿದರೆ ಜನ ಮುಚ್ಚಿಡುತ್ತಾರೆ, ಎಷ್ಟು ಓದಿದ್ದೀರಿ ಎಂದರೆ ಒಂದು ಕ್ಲಾಸು ಹೆಚ್ಚು ಹೇಳುತ್ತಾರೆ, ಆದರೆ ಮಗುವಿನ ಮೈ ಸುಳ್ಳು ಹೇಳುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಹೊಟ್ಟೆ ತುಂಬ ಉಂಡು ಬೆಳೆದ ಮಕ್ಕಳನ್ನು ಅಳೆದು ಒಂದು ಮಾದರಿ ಮಾಡಿದ್ದಾರಂತೆ. ಐದು ವರ್ಷದೊಳಗಿನ ಯಾವ ಮಗುವಾದರೂ ಸರಿ, ಎತ್ತರ, ತೂಕ, ವಯಸ್ಸು ಮೂರನ್ನು ಹಾಕಿದರೆ ಆ ಮಾದರಿಗಿಂತ ಎಷ್ಟು ಕೆಳಗೆ ಎಂದು ನಮಗೆ ಕೊಟ್ಟಿದ್ದ ಟ್ಯಾಬ್ಲೆಟ್ ಕಂಪ್ಯೂಟರ್ ಹೇಳುತ್ತದೆ. ಮಕ್ಕಳ ಲೆಕ್ಕ ಕೂಡಿಸಿದರೆ ದೇಶದ ಲೆಕ್ಕ. ನನಗೆ ಆ ಮಾತು ಬಹಳ ಹಿಡಿಸಿತು. ನೋಟ್‌ಬುಕ್ಕಿನಲ್ಲಿ ಕೆಳಗೆ ಗೆರೆ ಎಳೆದು ಬರೆದುಕೊಂಡೆ.

ಎತ್ತರ ಅಳೆಯಲು ಹಲಗೆಯಿತ್ತು, ತೂಕಕ್ಕೆ ತಕ್ಕಡಿಯಿತ್ತು. ವಯಸ್ಸಿಗೆ ಮಾತ್ರ ಯಾವ ಸಾಧನವೂ ಇರಲಿಲ್ಲ. ತಾಯಿ ಕಾರ್ಡು ಇದ್ದರೆ ಅದರಲ್ಲಿ ಹುಟ್ಟಿದ ದಿನ ಇರುತ್ತದೆ. ಶೆಡ್ಡುಗಳಲ್ಲಿ ಇರುವವರ ಕಾರ್ಡು ಊರಲ್ಲೋ, ನೆನೆದು ಹರಿದೋ, ಯಾವುದೋ ಗುತ್ತಿಗೆದಾರನ ಹತ್ತಿರವೋ ಇರುತ್ತದೆ. ಆಗ ನಾವು ಹಬ್ಬಗಳ ಪಟ್ಟಿ ಹಿಡಿದು ಕೇಳಬೇಕು. ಉಗಾದಿಗೆ ಮುಂಚೆಯೋ ಆಮೇಲೋ? ಎಲೆಕ್ಷನ್ ಆಗಿತ್ತೋ ಇಲ್ಲವೋ? ಎರಡು ಲಾಕ್‌ಡೌನುಗಳೂ ಆ ಪಟ್ಟಿಯಲ್ಲಿದ್ದವು.

ಇಲ್ಲಿಯೇ ನಮ್ಮ ತಂಡದ ಒಂದು ಕಸುಬು ಹುಟ್ಟಿಕೊಂಡಿದ್ದು. ಮಗು ವಯಸ್ಸಿಗೆ ತೀರಾ ಸಣ್ಣದಾಗಿದ್ದರೆ ಟ್ಯಾಬ್ಲೆಟ್ಟಿನ ಪರದೆ ಕೆಂಪಾಗುತ್ತಿತ್ತು. ಕೆಂಪಾದರೆ ಎರಡು ಕೆಲಸ. ಒಂದು, ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಕೇಂದ್ರಕ್ಕೆ ಸೇರಿಸಲು ತಾಯಿಗೆ ಚೀಟಿ ಕೊಡಬೇಕು. ಇನ್ನೊಂದು, ಆಫೀಸಿನಿಂದ ಬೇರೆ ತಂಡ ಬಂದು ಆ ಮಗುವನ್ನು ಮತ್ತೆ ಅಳೆಯಬೇಕು, ಅಲ್ಲಿಯವರೆಗೂ ಆ ಬೀದಿಯ ಕೆಲಸ ಮುಗಿದ ಹಾಗಲ್ಲ. ಎರಡು ಮೂರು ಕೆಂಪು ಬಂದರೆ ಆಫೀಸಿನವರು ಫೋನ್ ಮಾಡಿ, ಇಷ್ಟು ಸಣ್ಣ ಮಕ್ಕಳು ಎಲ್ಲಿಂದ ಬರುತ್ತಾರೆ ಮೇಡಂ, ಹಲಗೆ ಸರಿಯಾಗಿ ಇಟ್ಟಿದ್ದೀರಾ ಎಂದು ನಮ್ಮನ್ನೇ ಬೈಯುತ್ತಿದ್ದರು. ಅದಕ್ಕೇ ತಂಡದ ಹಳಬರು ಒಂದು ಉಪಾಯ ಕಂಡುಕೊಂಡಿದ್ದರು. ಎತ್ತರ ತೂಕ ಮುಟ್ಟುವ ಹಾಗಿಲ್ಲ, ಅವಕ್ಕೆ ಫೋಟೋ ಸಾಕ್ಷಿ. ವಯಸ್ಸಿಗೆ ಸಾಕ್ಷಿ ಇಲ್ಲ. ಹುಟ್ಟಿದ್ದನ್ನು ಒಂದು ವರ್ಷ ಈಚೆಗೆ ತಂದರೆ ಕೆಂಪು ಹಳದಿಯಾಗುತ್ತದೆ. ‘ಒಂದ್ ಉಗಾದಿ ಕಳೀರಿ’ ಎನ್ನುತ್ತಿದ್ದರು ಅದಕ್ಕೆ. ಮೊದಲ ವಾರ ನಾನು ಛೀ ಅಂದೆ. ಮೂರನೇ ವಾರ ನನ್ನ ಬಾಯಲ್ಲೇ ಆ ಮಾತು ಬರತೊಡಗಿತು.

ದೊಡ್ಡನೆಕ್ಕುಂದಿಯಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ದೊಡ್ಡ ವಸತಿ ಸಮುಚ್ಚಯ ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿ ಹುಲಿಗೆಮ್ಮ ಇದ್ದಳು. ರಾಯಚೂರು ಕಡೆಯವಳು, ಗಂಡ ಹೆಂಡತಿ ಇಬ್ಬರೂ ಅದೇ ಕಟ್ಟಡದಲ್ಲಿ ಗಾರೆ ಕೆಲಸ. ಇರುವುದು ಒಂದೇ ಮಗು, ಅಕ್ಷತಾ ಅಂತ. ನಾವು ಹೋದಾಗ ಹುಲಿಗೆಮ್ಮ ಕೆಲಸ ಬಿಟ್ಟು ಬಂದು, ಕೈ ತೊಳೆದು, ಸೆರಗಿನಿಂದ ನೆಲ ಒರೆಸಿ ಕೂರಿಸಿದಳು.

ಆ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ಮನೆಯಲ್ಲೂ ನೆಲ ಯಾವುದರದ್ದು ಎಂದು ಕೇಳುವ ಪ್ರಶ್ನೆಯಿತ್ತು. ಮಣ್ಣು, ಸಗಣಿ, ಸಿಮೆಂಟು, ಟೈಲ್ಸು, ಕಟ್ಟಕಡೆಗೆ ಅಮೃತಶಿಲೆ. ಎಲ್ಲ ದೇಶಗಳಿಗೂ ಇದೇ ಪ್ರಶ್ನೆ, ಕೆಳಗಿನಿಂದ ಮೇಲಕ್ಕೆ ಅಂಕ. ಹುಲಿಗೆಮ್ಮನ ಗಂಡ ಕಟ್ಟಡದಲ್ಲಿ ಒಡೆದು ಬಿಸಾಡಿದ್ದ ಇಟಲಿಯ ಕಲ್ಲಿನ ಚೂರುಗಳನ್ನು ಆಯ್ದು ತಂದು, ಜೋಡಿಸಿ, ಮಣ್ಣಿನ ಮೇಲೆ ಹಾಸಿದ್ದ. ಬಿಳಿ, ಕಂದು, ಹಸಿರು. ಮೇಲೆ ತಗಡು, ಬಾಗಿಲಿಗೆ ಫ್ಲೆಕ್ಸು, ಇಪ್ಪತ್ತು ಶೆಡ್ಡಿಗೆ ಒಂದು ಕಕ್ಕಸು, ನೆಲ ಮಾತ್ರ ಅಮೃತಶಿಲೆ. ನಿಯಮದಂತೆ ಅಮೃತಶಿಲೆ ಎಂದೇ ಒತ್ತಿದೆ. ಮೊಬೈಲ್ ಇದೆ, ಫ್ಯಾನ್ ಇದೆ. ಆ ಲೆಕ್ಕದಲ್ಲಿ ಹುಲಿಗೆಮ್ಮ ಒಳ್ಳೆ ಅನುಕೂಲಸ್ಥೆ. ನಾನೂ ನನ್ನ ಜೊತೆಗಾರ ನಾಗೇಶನೂ ಮುಖ ನೋಡಿಕೊಂಡು ನಕ್ಕೆವು. ನಗು ಬಂದದ್ದು ನಿಜ, ಅದನ್ನು ಯಾಕೆ ಮುಚ್ಚಿಡಲಿ.

ಆಮೇಲೆ ಮಗುವನ್ನು ಹಲಗೆಗೆ ನಿಲ್ಲಿಸಿದೆವು. ನಿಲ್ಲುವುದಕ್ಕೇ ಅವಳಿಗೆ ಆಯಾಸ. ತೆಳು ಕೆಂಚು ಕೂದಲು, ಹೊಟ್ಟೆ ಮುಂದೆ, ಕಾಲು ಕಡ್ಡಿ. ಅಳಲಿಲ್ಲ, ಅಷ್ಟು ಸಣ್ಣ ಮಕ್ಕಳು ಹಲಗೆ ಕಂಡರೆ ಕಿರುಚುತ್ತವೆ, ಇವಳು ಸುಮ್ಮನೆ ನನ್ನ ಬಳೆ ನೋಡುತ್ತ ನಿಂತಳು. ವಯಸ್ಸು ಕೇಳಿದೆ. ಪಂಚಮಿ ಹಬ್ಬದ ದಿನ ಹುಟ್ಟಿದ್ದು ಎಂದಳು ಹುಲಿಗೆಮ್ಮ, ಲಾಕ್‌ಡೌನ್ ಆದ ವರ್ಷ. ಯಾವ ಲಾಕ್‌ಡೌನ್ ಎಂದೆ.

“ಮೊದಲ್ನೇದ್ರೀ ಅಕ್ಕಾರ. ನಾವು ಇಲ್ಲಿಂದ ತುಮಕೂರು ದಾಟೂತನಕ ನಡಕೊಂತ ಹೋದ್ವಿ, ಆಮ್ಯಾಲೆ ಯಾವನೋ ಪುಣ್ಯಾತ್ಮ ಲಾರಿ ಹತ್ತಿಸಿಕೊಂಡ. ಆವಾಗ ನಾ ಐದು ತಿಂಗಳ ಬಸುರಿ. ಅದನ್ನ ಮರೀತೀನೇನ್ರೀ?”

ಮೂರು ವರ್ಷ ತುಂಬಿ ಎರಡು ತಿಂಗಳು. ಹಾಗೇ ಒತ್ತಿದೆ. ಪರದೆ ಕೆಂಪಾಯಿತು.

ಹೊತ್ತು ಮಧ್ಯಾಹ್ನ ಎರಡು ಗಂಟೆ. ತಗಡಿನ ಕೆಳಗೆ ಬೇಯುತ್ತಿದ್ದೆವು. ಆ ಸಾಲಿನಲ್ಲಿ ಇದೇ ಕೊನೆಯ ಮನೆ, ಇದೊಂದು ಮುಗಿದರೆ ದೊಡ್ಡನೆಕ್ಕುಂದಿಯೇ ಮುಗಿಯಿತು. ನಾಗೇಶ ಆನೇಕಲ್ ಕಡೆಯ ಹುಡುಗರ ಪೈಕಿ ಒಳ್ಳೆಯವನು, ಹೆಂಡತಿ ಮಕ್ಕಳೊಂದಿಗ, ಯಾರಿಗೂ ಕೆಡುಕು ಬಯಸಿದವನಲ್ಲ. ಅವನು ಹಲಗೆ ಮಡಚುತ್ತ ಮೆಲ್ಲಗೆ ಹೇಳಿದ.

“ಇಂಗೇ ಬಿಟ್ರೆ ಇನ್ನೊಂದ್ ವಾರ ಇಲ್ಲೇ ಬಿದ್ದಿರ್ಬೇಕಾಯ್ತದೆ ಮೇಡಂ. ಎಲ್ಡನೇ ಲಾಕ್‌ಡೌನ್ ಅಂತ ಆಕ್ಬುಡಿ.”

ಹೇಳಿದ್ದು ಅವನಾದರೂ ಒತ್ತಿದ್ದು ನನ್ನ ಬೆರಳು. ಒಂದು ಉಗಾದಿ ಕಳೆದೆ. ಅಕ್ಷತಾ ಎರಡು ವರ್ಷದವಳಾದಳು, ಪರದೆ ಹಳದಿಯಾಯಿತು, ಆಸ್ಪತ್ರೆಯ ಚೀಟಿ ಬರಲಿಲ್ಲ. ಹಳದಿಗೆ ಬರುವುದು ಚೀಟಿಯಲ್ಲ, ಸಲಹೆ. ತಾಯಿಗೆ ಓದಿ ಹೇಳಬೇಕಾದ ಮೂರು ವಾಕ್ಯಗಳು. ಮಗುವಿಗೆ ದಿನಾ ಮೊಟ್ಟೆ, ಸೊಪ್ಪು, ಬೇಳೆ ಕೊಡಿ. ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರು ಕುಡಿಸಿ. ಒಳ್ಳೆಯ ದನಿಯಲ್ಲಿ, ರೇಡಿಯೋದವರ ಹಾಗೆ ಓದಿ ಹೇಳಿದೆ. ಹುಲಿಗೆಮ್ಮ ಪ್ರತಿ ವಾಕ್ಯಕ್ಕೂ ಹೂಂನ್ರೀ ಅಂದಳು.

ಹೊರಡುವಾಗ ಪ್ರತಿ ಮನೆಗೂ ಒಂದು ಕಾಗದ ಕೊಡುತ್ತಿದ್ದೆವು, ಮಗುವಿನ ಎತ್ತರ, ತೂಕ, ವಯಸ್ಸು ಬರೆದು. ಹುಲಿಗೆಮ್ಮನಿಗೆ ಓದು ಬಾರದಿದ್ದರೂ ಅಂಕಿ ಬರುತ್ತಿತ್ತು. ಎರಡು ಅಂತ ಐತಲ್ರೀ ಎಂದಳು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಆಗ ನಾನು ಹೇಳಿದ ಮಾತನ್ನು ಬರೆಯುವುದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. “ಕಂಪ್ಯೂಟರ್ ಲೆಕ್ಕ ಹಾಕಿದ್ದು ಕಣಮ್ಮ, ಅದು ತಪ್ಪಲ್ಲ” ಅಂದೆ.

ಆ ಸುತ್ತಿನಲ್ಲಿ ಅತಿ ಕಡಿಮೆ ಕೆಂಪು ಬಂದದ್ದು ನಮ್ಮ ತಂಡಕ್ಕೆ. ಅದೇ ವೈಟ್‌ಫೀಲ್ಡಿನ ಹೋಟೆಲಿನಲ್ಲಿ ಕರೆದು, ಗುಣಮಟ್ಟದ ಕೆಲಸ ಎಂದು ನನಗೆ ಕಟ್ಟು ಹಾಕಿಸಿದ ಪ್ರಮಾಣಪತ್ರ ಕೊಟ್ಟರು. ಯಜಮಾನರು ಅದನ್ನು ಹಾಲಿನಲ್ಲಿ ನೇತುಹಾಕಲು ಮೊಳೆ ಹುಡುಕಿದರು. ನಾನೂ ಬೇಡ ಬೇಡ ಎನ್ನುತ್ತಲೇ ಎಲ್ಲಿ ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಗೋಡೆ ತೋರಿಸಿದೆ.

ಆರು ತಿಂಗಳು ಬಿಟ್ಟು ಎರಡನೇ ಸುತ್ತು. ಅದೇ ಮನೆಗಳಿಗೆ ಮತ್ತೆ ಹೋಗಿ, ಬದಲಾವಣೆ ಏನಾಗಿದೆ ಎಂದು ಬರೆದುಕೊಳ್ಳುವುದು. ನಾಗೇಶ ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ಆನೇಕಲ್ಲಿನಲ್ಲಿ ತರಕಾರಿ ಮಂಡಿ ಸೇರಿಕೊಂಡಿದ್ದ. ನಾನೊಬ್ಬಳೇ ಹೋದೆ. ಕಟ್ಟಡ ಹತ್ತು ಮಹಡಿ ಮೇಲೆದ್ದಿತ್ತು. ಹುಲಿಗೆಮ್ಮ ಶೆಡ್ಡಿನ ಮುಂದೆ ಒಲೆಗೆ ಪುಳ್ಳೆ ಮುರಿಯುತ್ತಿದ್ದಳು. ನನ್ನ ಗುರುತು ಹಿಡಿದಳು. ನಾನು ಮಾಮೂಲಿನಂತೆ ಟ್ಯಾಬ್ಲೆಟ್ ತೆರೆದು, ಪಟ್ಟಿಯಲ್ಲಿದ್ದ ಹೆಸರು ಓದಿ, ಅಕ್ಷತಾ ಎಲ್ಲಿದ್ದಾಳಮ್ಮ ಎಂದು ಕೇಳಿದೆ.

ಅವಳು ಪುಳ್ಳೆ ಕೆಳಗಿಟ್ಟಳು. ಅಳುತ್ತ ಹೇಳಲಿಲ್ಲ. ಅತ್ತು ಮುಗಿದವರು ಹೇಳುವ ಹಾಗೆ ಹೇಳಿದಳು. ಸಂಕ್ರಾಂತಿ ಹೊತ್ತಿಗೆ ಮಗು ಉಣ್ಣುವುದು ಕಡಿಮೆ ಮಾಡಿತಂತೆ. ನಡೆಯುವುದು ಬಿಟ್ಟು ಕೂತಲ್ಲೇ ಕೂರತೊಡಗಿತಂತೆ. ಪಕ್ಕದ ಶೆಡ್ಡಿನವಳು, ಮೂರು ವರ್ಷ ಮೀರಿದರೂ ಹೀಗಿದೆಯಲ್ಲ, ದವಾಖಾನೆಗೆ ತೋರಿಸು ಎಂದಳಂತೆ. ಆಮೇಲೆ ಜ್ವರ, ಭೇದಿ, ಆಸ್ಪತ್ರೆ, ಎರಡೇ ದಿನ. ಊರಿಗೆ ಒಯ್ಯಲು ಆಗಲಿಲ್ಲ, ಇಲ್ಲೇ ಮಣ್ಣು ಮಾಡಿದರು.

“ಆಕಿ ತೋರಿಸು ಅಂದಾಗ ನಾನs ಕೇಳ್ಲಿಲ್ರೀ. ನೀವು ಕೊಟ್ಟ ಕಾಗದ ತಗದು ತೋರಿಸಿದೆ. ಎರಡ ವರ್ಷ ಐತಿ ನೋಡವ್ವ, ಇನ್ನಾ ಸಣ್ಣಾಕಿ, ಬೆಳೀತಾಳ ಅಂದೆ. ಕಂಪ್ಯೂಟರ್ ಹೇಳೈತಿ ಅಂದ್ರೆ ನನಗs ಮರ್ತಿರಬೇಕು ಅನ್ಕೊಂಡ್ನಿ.”

ನೋಡಿ, ನಡೆದ ದಾರಿ, ಬಸುರಿಯ ತಿಂಗಳು, ಹಬ್ಬದ ದಿನ, ಎಲ್ಲ ನೆನಪಿದ್ದ ಹೆಂಗಸು ಅವಳು. ನನ್ನ ಒಂದು ಮಾತಿಗೆ ತನ್ನ ಹೊಟ್ಟೆಯ ಲೆಕ್ಕವನ್ನೇ ನಂಬದೆ ಹೋದಳು. ಆಸ್ಪತ್ರೆಯಲ್ಲೂ ವಯಸ್ಸು ಕೇಳಿದಾಗ ಎರಡು ಎಂದೇ ಹೇಳಿದಳಂತೆ. ಚೀಟಿ ಕೊಟ್ಟಿದ್ದರೆ ಮಗು ಉಳಿಯುತ್ತಿತ್ತೇ? ಯಜಮಾನರು ಸಮಾಧಾನಕ್ಕೆ, ಹೇಳೋಕಾಗಲ್ಲ ಬಿಡು ಅನ್ನುತ್ತಾರೆ. ಹೇಳಲು ಆಗದು, ನಿಜ. ಆದರೆ ಆ ಚೀಟಿ ಅವಳ ಪಾಲಿನದು, ಅದನ್ನು ತಡೆದವಳು ನಾನು. ಇದರಲ್ಲಿ ಅಳೆದು ತೂಗಿ ನೋಡುವಂಥದ್ದು ಏನೂ ಇಲ್ಲ.

ಶೆಡ್ಡಿನ ಮುಂದೆ ಅವಳ ಕೈ ಹಿಡಿದುಕೊಂಡು, ತಪ್ಪು ನನ್ನದು ಎಂದು ಹೇಳಬೇಕಿತ್ತು. ಹೇಳಿದ್ದು, “ವಯಸ್ಸು ಬರ್ಕೋಬೇಕಮ್ಮ” ಎಂದು. ಹೌದು, ಫಾರಮಿನಲ್ಲಿ ಅದಕ್ಕೂ ಜಾಗವಿತ್ತು. ಮನೆಯಲ್ಲಿ ಮಗು ತೀರಿಕೊಂಡಿದ್ದರೆ ತೀರಿಕೊಂಡಾಗಿನ ವಯಸ್ಸು. ಅದೂ ದೇಶದ ಲೆಕ್ಕಕ್ಕೆ ಸೇರುತ್ತದೆ.

ಹುಲಿಗೆಮ್ಮ ನನ್ನನ್ನೇ ನೋಡಿದಳು. ಅವಳಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಇವತ್ತಿಗೂ ತಿಳಿಯದು.

“ಈಗರ ಖರೇ ಬರೀರಿ ಅಕ್ಕಾರ. ಮೂರು ತುಂಬಿ ಆರು ತಿಂಗಳಾಗಿತ್ತು.”

ಮೂರು ವರ್ಷ ಆರು ತಿಂಗಳು ಎಂದು ಒತ್ತಿದೆ. ಪರದೆ ಕೆಂಪಾಯಿತು. ಹಿಂದಿನ ಸುತ್ತಿನ ವಯಸ್ಸಿಗೆ ತಾಳೆಯಾಗುತ್ತಿಲ್ಲ, ಕಾರಣ ಆಯ್ಕೆ ಮಾಡಿ ಎಂದಿತು. ಕೆಳಗೆ ನಾಲ್ಕು ಕಾರಣಗಳು. ಇದು ಬೇರೆ ಮಗು. ಇದು ಬೇರೆ ಕುಟುಂಬ. ಹೊಸ ದಾಖಲೆ ಸಿಕ್ಕಿದೆ. ತಾಯಿಗೆ ಮಗುವಿನ ವಯಸ್ಸು ಸರಿಯಾಗಿ ಗೊತ್ತಿಲ್ಲ. ನಾಲ್ಕನ್ನೂ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಅಳೆಯಲು ಬಂದವಳು ಸುಳ್ಳು ಬರೆದಳು ಎನ್ನುವ ಕಾರಣವನ್ನು ಯಾರೂ ಯೋಚಿಸಿರಲಿಲ್ಲ. ಕಾರಣ ಒತ್ತದೆ ಮುಂದಕ್ಕೆ ಹೋಗುವಂತಿಲ್ಲ. ಆಫೀಸಿಗೆ ಫೋನ್ ಮಾಡಿ ನಡೆದದ್ದು ಹೇಳಬಹುದಿತ್ತು. ಹೇಳಿದರೆ ನನ್ನ ತಂಡ ಮುಗಿಸಿದ ಅಷ್ಟೂ ಮನೆಗಳನ್ನು ಕೆದಕುತ್ತಾರೆ, ಕಳೆದ ಉಗಾದಿಗಳೆಲ್ಲ ಹೊರಗೆ ಬರುತ್ತವೆ, ಕಟ್ಟು ಹಾಕಿಸಿದ ಪತ್ರ ಕೆಳಗಿಳಿಸಬೇಕಾಗುತ್ತದೆ. ಹೆದರಿದೆ. ನಾಲ್ಕನೆಯದನ್ನು ಒತ್ತಿದೆ.

“ಬರದ್ರ್ಯಾ?” ಎಂದಳು ಹುಲಿಗೆಮ್ಮ. ಬರೆದೆ ಎಂದೆ. ಮೂರು ಅಂತ? ಮೂರು ಅಂತ. ಹಂಗಾದ್ರ ಸಾಕ್ರೀ ಎಂದು ಅವಳು ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟಳು. ಆ ನೀರು ಕುಡಿದೆ. ಕುಡಿದೇಬಿಟ್ಟೆ ನೋಡಿ, ಎಂಥ ಹೆಂಗಸು ನಾನು.

ಮಾರನೆಯ ತಿಂಗಳು ಕೆಲಸ ಬಿಟ್ಟೆ. ಮಂಡಿನೋವು ಎಂದು ಎಲ್ಲರಿಗೂ ಹೇಳಿದೆ. ಪತ್ರವನ್ನು ನಾನೇ ಗೋಡೆಯಿಂದ ತೆಗೆದು ಹಳೆ ಪೇಪರಿನವನಿಗೆ ಹಾಕಿದೆ, ಗಾಜು ಬೇಡ ಎಂದು ಅವನು ವಾಪಸು ಕೊಟ್ಟ. ಹುಲಿಗೆಮ್ಮನನ್ನು ಹುಡುಕಿಕೊಂಡು ಒಮ್ಮೆ ಹೋದೆ. ಕಟ್ಟಡ ಮುಗಿದು ಶೆಡ್ಡುಗಳಿದ್ದ ಕಡೆ ಹುಲ್ಲುಹಾಸು ಬಂದಿತ್ತು. ಕೆಲಸದವರು ಯಾವ ಕಡೆ ಹೋದರು ಎಂದು ಸೆಕ್ಯುರಿಟಿಯವನಿಗೂ ಗೊತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಸಮೀಕ್ಷೆಯ ವರದಿ ಹೊರಬಿತ್ತು. ಯಾರೋ ಹಳೆಯ ಸಹೋದ್ಯೋಗಿ ಕಳಿಸಿಕೊಟ್ಟಳು. ಓದಬಾರದು ಅಂದುಕೊಂಡೇ ಓದಿದೆ. ಒಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ವಲಸೆ ಕಾರ್ಮಿಕ ಕುಟುಂಬಗಳ ತಾಯಂದಿರಿಗೆ ತಮ್ಮ ಮಕ್ಕಳ ವಯಸ್ಸಿನ ಅರಿವು ಕಡಿಮೆಯಿರುವುದರಿಂದ ಈ ಅಂಕಿಗಳನ್ನು ಇತರ ದೇಶಗಳೊಂದಿಗೆ ಹೋಲಿಸುವಾಗ ಎಚ್ಚರ ವಹಿಸಬೇಕು ಎಂದು. ನನ್ನಂತೆ ಇನ್ನೆಷ್ಟು ಜನ ಎಲ್ಲೆಲ್ಲಿ ನಾಲ್ಕನೆಯದನ್ನು ಒತ್ತಿದ್ದರೋ. ಅಳತೆಯೇ ತಪ್ಪು, ನಮ್ಮನ್ನು ಬೇಕೆಂದೇ ಕೆಳಗೆ ತೋರಿಸುತ್ತಾರೆ ಎಂದು ಟೀವಿಯಲ್ಲಿ ಮೇಜು ಗುದ್ದುವವರಿಗೆ ಆ ಸಾಲು ಬಹಳ ಉಪಯೋಗಕ್ಕೆ ಬಂತು. ಅಳತೆ ತಪ್ಪು ಎನ್ನುವ ಅವರ ಮಾತು ಸರಿ. ಯಾವ ಕಡೆಗೆ ತಪ್ಪು ಎನ್ನುವುದು ಮಾತ್ರ ಅವರಿಗೆ ತಿಳಿಯದು.

ಭಾನುವಾರದ ತಪಾಸಣೆಗೆ ಮರಳುತ್ತೇನೆ. ಹನ್ನೆರಡರ ಹೊತ್ತಿಗೆ ಫ್ಲ್ಯಾಟಿನ ಮಕ್ಕಳೆಲ್ಲ ಮುಗಿದರು. ಕೊನೆಯ ಅರ್ಧ ಗಂಟೆ ಮನೆಗೆಲಸದವರ ಮಕ್ಕಳಿಗೆ ಎಂದು ಸಂಘದವರು ಮೊದಲೇ ತೀರ್ಮಾನಿಸಿದ್ದರು. ಎ ಬ್ಲಾಕಿನಲ್ಲಿ ಪಾತ್ರೆ ತೊಳೆಯುವ ಮಂಜುಳಾ ತನ್ನ ಮಗಳನ್ನು ಕರೆತಂದಳು. ನಾಲ್ಕು ವರ್ಷ ಎರಡು ತಿಂಗಳು ಮೇಡಂ ಎಂದಳು. ನರ್ಸ್ ಮಗುವನ್ನು ಮೇಲಿಂದ ಕೆಳಗೆ ನೋಡಿದಳು, ಚಿಕ್ಕ ವಯಸ್ಸಿನ ಹುಡುಗಿ, ಕೆಟ್ಟವಳಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, “ಮೂರು ಅಂತ ಹಾಕ್ಬಿಡಿ ಮೇಡಂ, ಇವರಿಗೆಲ್ಲ ವಯಸ್ಸು ಸರಿಯಾಗಿ ಗೊತ್ತಿರಲ್ಲ” ಎಂದಳು.

“ಗೊತ್ತಿರುತ್ತೆ ಸಿಸ್ಟರ್” ಅಂದೆ. “ಗೊತ್ತಿಲ್ಲ ಅಂತ ಬರೆದೋಳು ನಾನು.”

ಅವಳು ನನ್ನ ಮುಖ ನೋಡಿದಳು, ತಮಾಷೆ ಎಂದುಕೊಂಡು ಸ್ವಲ್ಪ ನಕ್ಕಳು. ನಾಲ್ಕು ವರ್ಷ ಎರಡು ತಿಂಗಳು ಎಂದೇ ಬರೆದೆ. ಪಕ್ಕದ ನಕ್ಷೆಯಲ್ಲಿ ಚುಕ್ಕಿ ಇಟ್ಟೆ. ಅದು ಹೋಗಿ ಕೆಂಪಿನಲ್ಲಿ ಕೂತಿತು. ಮಂಜುಳಾ ಮೇಜಿನ ಮೇಲೆ ಬಗ್ಗಿ ನೋಡಿ, “ಅಕ್ಕ, ಕೆಂಪು ಅಂದ್ರೆ ಏನು?” ಎಂದು ಕೇಳಿದಳು. ನಾನು ಪೆನ್ನು ಕೆಳಗಿಟ್ಟು, ಅವಳಿಗೆ ಒಂದು ಕುರ್ಚಿ ಎಳೆದುಕೊಟ್ಟೆ.